ಬೆರಳು ನಿಂತರೆ ಮಲಗುವ ಅಕ್ಷರ

೬ ಫೆಬ್ರವರಿ

ತಮ್ಮಾ,

ಅಕ್ಕನ ಆಶೀರ್ವಾದ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ನಿನ್ನ ಮೇಲಲ್ಲ, ಅದಕ್ಕೇ ಆಶೀರ್ವಾದವನ್ನು ಮೊದಲೇ ಹಾಕಿಬಿಟ್ಟೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳಬೇಡ. ನಿಮ್ಮ ಭಾವನ ಕಿವಿ ನಿನಗೆ ಗೊತ್ತು. ನಾನು ಹಿಂದಿನ ಬಾಗಿಲಲ್ಲಿ ನಿಂತು ಪಿಸುಗುಟ್ಟಿದರೂ ಒಳಗಿನ ಕೋಣೆಯಿಂದ, ಯಾರ ಹತ್ತಿರ ನನ್ನ ದೂರು ಹೇಳುತ್ತಿದ್ದೀಯ ಅನ್ನುತ್ತಾರೆ. ಈ ಮನೆಯಲ್ಲಿ ಅವರಿಗೆ ತಿಳಿಯದೆ ಉಳಿಯುವುದು ಶಾಯಿಯಲ್ಲಿ ಬರೆದದ್ದು ಮಾತ್ರ. ಮುಚ್ಚಿಟ್ಟು ಮಾಡುತ್ತಿದ್ದೇನೆ, ದೇವರು ಕ್ಷಮಿಸಲಿ.

ಅವರ ಬೆರಳು ಸಾಯುತ್ತಿವೆಯಂತೆ. ತಾವಾಗಿ ಹೇಳಲಿಲ್ಲ, ಅವರು ಯಾವತ್ತು ಏನು ಹೇಳಿದ್ದಾರೆ? ಮೊನ್ನೆ ಬೆಳಿಗ್ಗೆ ಒಂದು ಬಟ್ಟಲಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ಇಟ್ಟುಕೊಂಡು ಬೆರಳು ಅದ್ದಿ ಅದ್ದಿ ತೆಗೆಯುತ್ತಿದ್ದರು. ಇದೇನು ಮಕ್ಕಳಾಟ ಅಂದೆ. ಕೈ ತೊಳೆಯುತ್ತಿದ್ದೇನೆ ಅಂದರು. ಎರಡು ಬಟ್ಟಲಲ್ಲಿ ಕೈ ತೊಳೆಯುವವರನ್ನು ನಾನಂತೂ ಕಂಡಿಲ್ಲ. ಮಾರನೆಯ ದಿನ ನನ್ನ ಹೊಲಿಗೆ ಡಬ್ಬಿಯಲ್ಲಿ ಸೂಜಿ ಇರಲಿಲ್ಲ, ಅವರ ತೋರುಬೆರಳಿನ ತುದಿಯಲ್ಲಿ ರಕ್ತ ಕಲೆಗಟ್ಟಿತ್ತು. ಆಮೇಲೆ ನಾನು ಬಿಡಲಿಲ್ಲ.

ಕಣ್ಣಿಲ್ಲದವರಿಗೆ ಪುಸ್ತಕ ಮಾಡುವ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವರದು, ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೊದಲು ದಪ್ಪ ಕಾಗದದ ಮೇಲೆ ಉಬ್ಬಿದ ಚುಕ್ಕಿ ಓದುತ್ತಿದ್ದರು. ಹೋದ ವರ್ಷದಿಂದ ಕಾಗದ ನಿಲ್ಲಿಸಿ ಕಂಪ್ಯೂಟರಿಗೆ ಸಿಕ್ಕಿಸುವ ಬ್ರೈಲ್ ಹಲಗೆ ಕೊಟ್ಟಿದ್ದಾರೆ. ನೀನು ನೋಡಿಲ್ಲ ಅದನ್ನು. ಒಂದು ಸಾಲು ಸಣ್ಣ ಸಣ್ಣ ಮೊಳೆ, ಅವು ಎದ್ದು ಇಳಿದು ಅಕ್ಷರ ಆಗುತ್ತವೆ. ಗುಂಡಿ ಒತ್ತಿದರೆ ಮುಂದಿನ ಸಾಲು. ಈ ವರ್ಷ ಶುರುವಾದಾಗಿನಿಂದ ಓದುತ್ತಾ ಓದುತ್ತಾ ನಡುವೆ ಬೆರಳಿಗೆ ಏನೂ ತಿಳಿಯದ ಹಾಗೆ ಆಗುತ್ತದಂತೆ. ಹಲಗೆ ತಿಳಿಯುತ್ತದೆ, ಚುಕ್ಕಿ ತಿಳಿಯುವುದಿಲ್ಲ. ಕೈ ಕೊಡವಿ, ಗುಂಡಿ ಒತ್ತಿ, ಮತ್ತೆ ಇಟ್ಟರೆ ತಿಳಿಯುತ್ತದೆ. ಅವರ ತಾಯಿಗೂ ಸಕ್ಕರೆ ಕಾಯಿಲೆಯಲ್ಲಿ ಹೀಗೇ ಶುರುವಾಗಿತ್ತು. ಬಟ್ಟೆ ತಿಳಿಯುತ್ತಿತ್ತು, ಹೊಲಿಗೆ ತಿಳಿಯುತ್ತಿರಲಿಲ್ಲ.

ಬೆಳಿಗ್ಗೆ ದೇವರ ಮುಂದೆ ಕಾಗದದ ಪುಸ್ತಕ ಮುಟ್ಟಿ ಪ್ರಾರ್ಥನೆ ಓದುತ್ತೀರಲ್ಲ, ಅದು ಹೇಗೆ ತಿಳಿಯುತ್ತದೆ ಅಂದೆ. "ಅದು ನನಗೆ ಬಾಯಿಪಾಠ. ಬೆರಳು ಓದುತ್ತೋ ನಾಲಿಗೆ ಓದುತ್ತೋ ಯಾರಿಗೆ ಗೊತ್ತು" ಅಂದರು. ಹೊಸ ಪುಟ ಒಂದನ್ನು ಮುಟ್ಟಿ ನೋಡಿ ಅಂದರೆ ಮುಟ್ಟುವುದಿಲ್ಲ. ತಿಳಿಯದೆ ಹೋದರೆ ಅನ್ನುವ ಹೆದರಿಕೆ. ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾರೆ.

ಎರಡು ದಿನದಿಂದ ದೇವರ ಹತ್ತಿರ ಜಗಳ ಆಡುತ್ತಿದ್ದೇನೆ. ಕಣ್ಣು ತಗೊಂಡೆ, ನಾವು ಸುಮ್ಮನಿದ್ದೆವು. ಈಗ ಬೆರಳಿಗೂ ಕೈ ಹಾಕಿದ್ದೀಯಲ್ಲ, ನಿನಗೆ ಬೇರೆ ಮನೆ ಸಿಗಲಿಲ್ಲವಾ ಅಂತ.

ಯಾವ ಡಾಕ್ಟರಿಗೆ ತೋರಿಸಬೇಕು ತಿಳಿಸು. ನೀನೇನು ಮಾಡುತ್ತಿದ್ದೀಯ ಅದನ್ನೂ ಬರಿ, ಹಬ್ಬಕ್ಕೊಂದು ಫೋನ್ ಮಾಡಿ "ಕೆಲಸ ಜಾಸ್ತಿ ಅಕ್ಕ" ಅಂದರೆ ನನಗೇನು ಅರ್ಥವಾಗುತ್ತದೆ?

ಅಕ್ಕ


೧೫ ಫೆಬ್ರವರಿ

ಅಕ್ಕಾ,

ಕಾಗದ ನೋಡಿ ಮನಸ್ಸು ಕೆಟ್ಟಿತು. ಮೊದಲು ಸಕ್ಕರೆ ಪರೀಕ್ಷೆ ಮಾಡಿಸು, ಆಮೇಲೆ ನರದ ಡಾಕ್ಟರಿಗೆ ತೋರಿಸು. ನನಗೆ ಅನ್ನಿಸುವುದು ಇಷ್ಟೇ, ಬೇಸರ ಮಾಡಿಕೊಳ್ಳಬೇಡ: ಭಾವ ದುಡಿದದ್ದು ಸಾಕು. ವಯಸ್ಸಿಗೆ ಬರುವುದು ಬಂದೇ ಬರುತ್ತದೆ. ಮನೆಯಲ್ಲಿ ಕೂತು ಆರಾಮಾಗಿರಲಿ.

ನನ್ನ ಕೆಲಸ ಕೇಳಿದ್ದೀಯ. ಕಂಪ್ಯೂಟರ್ ತೆರೆದಾಗ ಕಾಣುವುದೆಲ್ಲ ಮೇಲಿನ ಮಹಡಿ ಅಂದುಕೋ. ಎಲ್ಲಕ್ಕಿಂತ ಕೆಳಗೆ ಕರ್ನಲ್ ಅಂತ ಒಂದು ತಂತ್ರಾಂಶ ಇರುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದ ಪ್ರತಿ ಉಪಕರಣಕ್ಕೂ ಯಾವಾಗ ಕರೆಂಟು ಕೊಡಬೇಕು, ಯಾವಾಗ ಕಡಿಮೆ ಮಾಡಬೇಕು ಅಂತ ತೀರ್ಮಾನ ಮಾಡುವುದು ಅದು. ಯಾರೂ ಏನೂ ಹೇಳದಿದ್ದರೆ ಹೀಗೆ ನಡೆಯಲಿ ಅಂತ ನಾವು ಮೊದಲೇ ಬರೆದಿಟ್ಟಿರುತ್ತೇವೆ. ಅದಕ್ಕೆ ಡೀಫಾಲ್ಟ್ ಅನ್ನುತ್ತೇವೆ. ಇಷ್ಟು ವರ್ಷ ಡೀಫಾಲ್ಟು "ಎಚ್ಚರವಾಗಿರಲಿ" ಅಂತ ಇತ್ತು. ನಾನು ಅದನ್ನು "ಸುಮ್ಮನಿದ್ದರೆ ಮಲಗಲಿ" ಅಂತ ಮಾಡಿದೆ. ಕಂಪ್ಯೂಟರಿನ ಜೊತೆ ಎರಡು ಕ್ಷಣ ಮಾತಾಡದೆ ಕೂತ ಉಪಕರಣ ತಾನೇ ಮಲಗುತ್ತದೆ, ಕೆಲಸ ಬಂದರೆ ಏಳುತ್ತದೆ. ಎರಡು ವರ್ಷದ ವಾದ ವಿವಾದ ಆದಮೇಲೆ ಒಪ್ಪಿಕೊಂಡರು. ಈ ಜನವರಿಯಿಂದ ಲೋಕದ ಎಷ್ಟೋ ಕಂಪ್ಯೂಟರುಗಳಲ್ಲಿ ಹೀಗೇ ನಡೆಯುತ್ತಿದೆ. ಒಂದು ಊರಿಗೆ ಬೆಳಕಾಗುವಷ್ಟು ಕರೆಂಟು ಉಳಿಯುತ್ತದಂತೆ.

ಚಿಕ್ಕಂದಿನಲ್ಲಿ ನಾನು ದೀಪ ಆರಿಸದೆ ಎದ್ದುಹೋದರೆ "ಕರೆಂಟೇನು ನಿಮ್ಮಪ್ಪನ ಮನೇದಾ" ಅಂತ ಬೈಯುತ್ತಿದ್ದೆಯಲ್ಲ, ನಮ್ಮಿಬ್ಬರಿಗೂ ಅಪ್ಪ ಒಬ್ಬನೇ ಅನ್ನುವುದನ್ನು ಮರೆತು. ಆ ಬೈಗುಳದ ಫಲ ಅಂದುಕೋ.

ಭಾವನಿಗೆ ನಮಸ್ಕಾರ. (ಹೇಳಬೇಡ, ಗೊತ್ತಾಗುತ್ತದೆ.)

ತಮ್ಮ


೨೪ ಫೆಬ್ರವರಿ

ತಮ್ಮಾ,

ನೀನು ದೊಡ್ಡ ಕೆಲಸ ಮಾಡಿದ್ದೀಯ, ಸಂತೋಷ. ಅಷ್ಟು ಹೇಳಿ ಮುಗಿಸಿ ಬೈಯುತ್ತೇನೆ.

ಕೂತು ಆರಾಮಾಗಿರಲಿ ಅಂದೆಯಾ? ನಿನ್ನ ಭಾವ ಕೂತು ಮಾಡುವ ಕೆಲಸವನ್ನೇ ಮಾಡಿಕೊಂಡು ಬಂದವರು ಕಣೋ. ಕೂತಲ್ಲಿಂದ ಆ ಕೆಲಸ ತೆಗೆದರೆ ಉಳಿಯುವುದು ಕುರ್ಚಿ ಮಾತ್ರ. ಒಂದು ತಪ್ಪು ಅಕ್ಷರ ಕಣ್ಣಿಲ್ಲದ ಮಗುವಿನ ಕೈಗೆ ಹೋದರೆ ಅದು ಯಾರನ್ನು ಕೇಳಬೇಕು, ಪಕ್ಕದವರು ನೋಡಿ ಹೇಳುವ ಲಿಪಿಯಲ್ಲ ಅದು ಅನ್ನುತ್ತಾರೆ. ಸಂಶಯ ಬಂದ ಪದದ ಮೇಲೆ ಬೆರಳಿಟ್ಟು ಕೂತರೆ ಅನ್ನಕ್ಕೆ ಕರೆದರೂ ಏಳುವುದಿಲ್ಲ. ಆ ಮನುಷ್ಯನಿಗೆ ಆರಾಮ ಬೇಕಾಗಿಲ್ಲ.

ಡಾಕ್ಟರಿಗೆ ತೋರಿಸಿದೆ. ಸಕ್ಕರೆ ಇಲ್ಲ. ನರದ ಡಾಕ್ಟರು ಹತ್ತಿಯಿಂದ ಸವರಿ, ಸೂಜಿಯಿಂದ ಚುಚ್ಚಿ ನೋಡುವ ಮೊದಲು, ಕಣ್ಣು ಮುಚ್ಚಿಕೊಳ್ಳಿ ಅಂದರು. "ಮುಚ್ಚಿಯೇ ಇದೆ ಸ್ವಾಮಿ, ಐದನೇ ವಯಸ್ಸಿನಿಂದ" ಅಂದರು ಇವರು. ಡಾಕ್ಟರಿಗೆ ನಗು ಬರಲಿಲ್ಲ. ನನಗೆ ಬಂತು, ತಡೆದುಕೊಂಡೆ. ಕೊನೆಗೆ ಡಾಕ್ಟರು, ಬೆರಳು ಚೆನ್ನಾಗಿವೆ, ವಯಸ್ಸಾಯಿತಲ್ಲ, ಮನಸ್ಸಿಗೆ ಹಾಗೆ ಅನ್ನಿಸುತ್ತದೆ ಅಂತ ಶಕ್ತಿಯ ಮಾತ್ರೆ ಬರೆದುಕೊಟ್ಟರು.

ಅಲ್ಲಿಂದ ಮನೆಯವರೆಗೆ ನನ್ನ ತೋಳು ಹಿಡಿಯಲಿಲ್ಲ. ಕೋಲು ತಟ್ಟಿಕೊಂಡು ಮುಂದೆ ಮುಂದೆ ನಡೆದರು, ಎರಡು ಕಂಬಕ್ಕೆ ಭುಜ ಹೊಡೆಸಿಕೊಂಡರು. ಮನೆಗೆ ಬಂದ ಮೇಲೆ ನಾನು ಬಾಯಿ ಬಿಟ್ಟೆ. ಡಾಕ್ಟರೇ ಚೆನ್ನಾಗಿದೆ ಅಂದಮೇಲೆ ಯಾಕೆ ಗೋಳು, ಕೆಲಸ ಮಾಡಲು ಬೇಜಾರಾಗಿದ್ದರೆ ಹಾಗಂತ ಹೇಳಿ ಅಂದುಬಿಟ್ಟೆ. ಅನ್ನಬಾರದಿತ್ತು. "ಬೆರಳು ಸತ್ತಿದ್ದರೆ ಸತ್ತಿದೆ ಅನ್ನಬಹುದಿತ್ತು. ಈಗ ನನ್ನ ಬೆರಳೂ ಸತ್ತಿದೆ, ಬುದ್ಧಿಯೂ ಕೆಟ್ಟಿದೆ" ಅಂದರು. ಅವತ್ತಿನಿಂದ ಮಾತು ಕಡಿಮೆ.

ನಿನ್ನ ಕಾಗದದಲ್ಲಿ ಆ ಡೀಫಾಲ್ಟಿನ ವಿಷಯ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಒಂದು ಹೇಳುತ್ತೇನೆ. ನಾನು ದೀಪ ಆರಿಸು ಅಂದದ್ದು ಎದ್ದುಹೋದ ಕೋಣೆಯದು. ಒಳಗೆ ಯಾರಾದರೂ ಸುಮ್ಮನೆ ಕೂತಿದ್ದರೆ ಆರಿಸುವುದಿಲ್ಲ.

ಅಕ್ಕ


೫ ಮಾರ್ಚ್

ಆಶೀರ್ವಾದ ಗೀಶೀರ್ವಾದ ಏನೂ ಇಲ್ಲ ಈ ಸಲ. ಕೂತು ಓದು.

ನಿನ್ನೆ ಮಧ್ಯಾಹ್ನ ಅವರು ಹಲಗೆಯನ್ನೂ ಆಫೀಸಿನ ಮಡಚುವ ಕಂಪ್ಯೂಟರನ್ನೂ ಮನೆಗೆ ತಂದಿದ್ದರು, ಮಕ್ಕಳ ವಿಜ್ಞಾನದ ಪುಸ್ತಕದ ಕರಡು ಬಾಕಿ ಇತ್ತು. ನಾನು ಮೇಜಿನ ಆ ಕಡೆ ಬಟಾಣಿ ಸುಲಿಯುತ್ತಿದ್ದೆ. ಯಾವಾಗಲೂ ಅವರ ಹಿಂದೆ ಓಡಾಡುತ್ತೇನೆಯೇ ಹೊರತು ಎದುರಿಗೆ ಕೂತು ನೋಡಿದವಳಲ್ಲ. ಅವರ ಬೆರಳು ಓಡಿತು, ಒಂದು ಪದದ ಮೇಲೆ ನಿಂತಿತು. ತುಟಿ ಅಲ್ಲಾಡುತ್ತಿತ್ತು, ಯೋಚನೆ ಮಾಡುತ್ತಿದ್ದರು. ನಾನು ಬೆರಳಿನ ಆಚೆ ಈಚೆ ಎದ್ದಿದ್ದ ಮೊಳೆಗಳನ್ನು ನೋಡುತ್ತಿದ್ದೆ.

ಮೊಳೆಗಳು ಇಳಿದವು ಕಣೋ. ನನ್ನ ಕಣ್ಣೆದುರಿಗೇ. ಇಡೀ ಸಾಲು ಒಟ್ಟಿಗೆ ಚಪ್ಪಟೆ ಆಯಿತು, ಕೆರೆಯ ನೀರು ನಿಂತ ಹಾಗೆ.

ಅವರ ಮುಖ ನೋಡಬೇಕಿತ್ತು. ಹೆದರಿದ ಮಗುವಿನ ಮುಖ. ಕೈ ತೆಗೆದು ಕೊಡವಿದರು, ಉಜ್ಜಿಕೊಂಡರು, ಗುಂಡಿ ಒತ್ತಿದರು. ಮೊಳೆ ಎದ್ದವು. ಬೆರಳಿಟ್ಟು ಉಸಿರುಬಿಟ್ಟರು. ಮತ್ತೆ ಓದಿದರು, ಮತ್ತೆ ಸಂಶಯ, ಮತ್ತೆ ನಿಂತರು, ಮತ್ತೆ ಇಳಿದವು. ನಾನು ಬಟಾಣಿ ಬಟ್ಟಲು ಬದಿಗಿಟ್ಟು ಹತ್ತು ಸಲ ನೋಡಿದೆ. ಓಡುತ್ತಾ ಇದ್ದರೆ ಏನೂ ಇಲ್ಲ. ನಿಂತು ಯೋಚಿಸಿದರೆ ಬೀಳುತ್ತವೆ.

ಆಮೇಲೆ ನಿನ್ನ ಕಾಗದ ತೆಗೆದು ಮತ್ತೆ ಓದಿದೆ. ಎರಡು ಕ್ಷಣ ಮಾತಾಡದೆ ಕೂತ ಉಪಕರಣ ತಾನೇ ಮಲಗುತ್ತದೆ. ಈ ಜನವರಿಯಿಂದ. ಇವರ ಬೆರಳು ಕೆಟ್ಟದ್ದೂ ಜನವರಿಯಿಂದ. ಮುದ್ರಣಾಲಯದಲ್ಲಿ ಕಂಪ್ಯೂಟರಿಗೆ ಹೊಸದೇನೋ ತುಂಬಿದ್ದೂ ಆಗಲೇ ಅಂತೆ.

ನನಗೆ ಓದು ಕಡಿಮೆ, ತಪ್ಪಿದ್ದರೆ ಹೇಳು. ಮನುಷ್ಯ ಅಕ್ಷರದ ಮೇಲೆ ಬೆರಳಿಟ್ಟು ಯೋಚಿಸುವಾಗ ನಿನ್ನ ಕರ್ನಲ್ಲಿಗೆ ಏನು ಕಾಣುತ್ತದೆ? ಯಾರೂ ಇಲ್ಲ ಅಂತ ಕಾಣುತ್ತದೆಯಾ? ನೀನು ಊರಿಗೆ ಬೆಳಕು ಉಳಿಸಿದ್ದು ಯಾರ ಕೈಯಿಂದ ಕಿತ್ತುಕೊಂಡು? ನನ್ನ ಗಂಡ ಸೂಜಿಯಲ್ಲಿ ಬೆರಳು ಚುಚ್ಚಿಕೊಳ್ಳುತ್ತಿದ್ದಾಗ ನೀನು ಕೂತು ಆರಾಮಾಗಿರಲಿ ಅಂತ ಬರೆದೆಯಲ್ಲ. ಇಷ್ಟು ದಿನ ದೇವರನ್ನು ಬೈದೆ. ಬೆಳಿಗ್ಗೆ ಅವನ ಹತ್ತಿರ ಕ್ಷಮೆ ಕೇಳಿಕೊಂಡು, ನಿನ್ನ ಹೆಸರು ಹೇಳಿದೆ.

ಅಕ್ಕ


೧೨ ಮಾರ್ಚ್

ಅಕ್ಕಾ,

ನಿನ್ನ ಸಿಟ್ಟು ಅರ್ಥವಾಗುತ್ತದೆ, ಆದರೆ ವಿಷಯ ನೀನು ತಿಳಿದಷ್ಟು ಸರಳ ಅಲ್ಲ.

ಒಂದು, ಡೀಫಾಲ್ಟ್ ಅಂದರೆ ಕಾನೂನಲ್ಲ. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಬದಲಾಯಿಸಿಕೊಳ್ಳಬಹುದು, ಒಂದೇ ಸಾಲು. ಅದನ್ನು ಇದರ ಜೊತೆ ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ, ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಕೊಡು. ಎರಡನೆಯದು, ನನ್ನನ್ನು ಮಲಗಿಸಬೇಡಿ ಅಂತ ಹೇಳುವ ಅವಕಾಶ ಉಪಕರಣಕ್ಕೇ ಇದೆ. ಆ ಹಲಗೆ ತಯಾರಿಸಿದವರು ಹೇಳಿಸಿಲ್ಲ. ಅದು ಅವರ ತಪ್ಪು. ಲೋಕದಲ್ಲಿ ಎಷ್ಟು ಬಗೆಯ ಉಪಕರಣ ಇವೆ ಗೊತ್ತಾ? ಒಂದೊಂದನ್ನೂ ಕೇಳಿಕೊಂಡು ಕೂತರೆ ಯಾವ ಕೆಲಸವೂ ಆಗುವುದಿಲ್ಲ. ಆದರೂ ಭಾವನ ಹಲಗೆಯ ಮಾದರಿ ತಿಳಿಸಿದರೆ ಮಲಗಿಸಬಾರದವುಗಳ ಪಟ್ಟಿಗೆ ಅದನ್ನು ಸೇರಿಸುತ್ತೇನೆ.

ಭಾವನ ಬೆರಳು ಚೆನ್ನಾಗಿದೆ ಅಂತ ಆಯಿತಲ್ಲ. ಅದು ಸಂತೋಷದ ವಿಷಯ ತಾನೆ. ಅವರಿಗೆ ಹೇಳಿಬಿಡು, ಮುಗಿಯಿತು.

ತಮ್ಮ


೨ ಏಪ್ರಿಲ್

ತಮ್ಮಾ,

ಹೇಳಿಬಿಡು, ಮುಗಿಯಿತು. ಎಷ್ಟು ಸಲೀಸು.

ಹೇಳಿದೆ. ಮೊಳೆ ಇಳಿಯುತ್ತವೆ, ನಾನು ಕಣ್ಣಾರೆ ನೋಡಿದೆ ಅಂದೆ. ತೋರಿಸೋಣ ಅಂತ ಕೂರಿಸಿದೆ. ಬೆರಳು ನಿಲ್ಲಿಸಿ ಅಂದೆ. ನಿಲ್ಲಿಸಿದರು. ಇಗೋ ಇಳಿದವು ಅಂದೆ. ಆಗ ಅವರ ಮುಖ ನೋಡಿ ನನಗೆ ಹೊಳೆಯಿತು, ಮೊಳೆ ಇಳಿದರೂ ಬೆರಳು ಸತ್ತರೂ ಅವರಿಗೆ ಸಿಗುವುದು ಒಂದೇ, ಏನೂ ಇಲ್ಲ ಅನ್ನುವುದು. ನಡುವೆ ಇರುವುದು ನನ್ನ ಮಾತೊಂದೇ. ನನ್ನ ಮಾತನ್ನು ಅವರು ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಪಾಪದ ಹಲಗೆಯ ಮೇಲೆ ಯಾಕೆ ಹೊರಿಸ್ತೀಯ. ಆಫೀಸಿನಲ್ಲಿ ಹೊಸ ಹುಡುಗಿ ಬಂದಿದ್ದಾಳೆ, ಅದೇ ಥರದ ಹಲಗೆ, ಸರಸರ ಓದ್ತಾಳೆ. ಅವಳಿಗಿಲ್ಲದ್ದು ನನಗೆ ಯಾಕೆ?" ಅಂದರು. ಹಲಗೆಯ ಮಾತು ಇನ್ನೊಂದು ಸಲ ಎತ್ತಿದರೆ ಊಟ ಬಿಡುತ್ತೇನೆ ಅಂದರು. ಮದುವೆಯಾಗಿ ಇಷ್ಟು ವರ್ಷ ನಾನು ಹೇಳಿದ ಬಣ್ಣವನ್ನೇ ಬಣ್ಣ ಅಂತ ನಂಬಿದವರು. ನನ್ನ ಕಣ್ಣಿಗೆ ಬೆಲೆ ಹೋಯಿತು.

ಆಮೇಲೆ ನಾನೊಂದು ಕೆಲಸ ಮಾಡಿದೆ. ನಿನ್ನ ಚೀಟಿ ಹಿಡಿದುಕೊಂಡು, ಅವರು ಊಟಕ್ಕೆ ಹೋದ ಹೊತ್ತಿಗೆ ಮುದ್ರಣಾಲಯಕ್ಕೆ ಹೋಗಿ, ಕಂಪ್ಯೂಟರ್ ನೋಡಿಕೊಳ್ಳುವವನ ಕೈಕಾಲು ಹಿಡಿದು ಇವರ ಕಂಪ್ಯೂಟರಿಗೆ ಆ ಸಾಲು ಹಾಕಿಸಿದೆ. ಅವರಿಗೆ ಹೇಳಬೇಡ ಅಂದೆ. ಮಾರನೆಯ ದಿನದಿಂದ ಮೊಳೆ ಬೀಳಲಿಲ್ಲ. ಒಂದು ವಾರ ಮನೆಯಲ್ಲಿ ಬೆಳಕಿತ್ತು ಕಣೋ. ಪಲ್ಯಕ್ಕೆ ಉಪ್ಪು ಕಡಿಮೆ ಅಂತ ಜಗಳ ಆಡಿದರು, ಅಷ್ಟು ಚೆನ್ನಾಗಿದ್ದರು. ಎಲ್ಲ ಆ ಮಾತ್ರೆಯ ಗುಣ, ಡಾಕ್ಟರನ್ನು ಸುಮ್ಮನೆ ಬೈದೆ ಅಂದರು. ನಾನು ಹೂಂ ಅಂದೆ. ಯಾವುದರ ಗುಣವಾದರೇನು, ಓದುತ್ತಿದ್ದಾರಲ್ಲ ಅಂದುಕೊಂಡೆ.

ಹೋದ ವಾರ ಕಂಪ್ಯೂಟರಿಗೆ ಮತ್ತೆ ಹೊಸದು ತುಂಬಿದರು. ನಿನ್ನ ಒಂದೇ ಸಾಲು ಅಳಿಸಿಹೋಯಿತು. ಡೀಫಾಲ್ಟು ಅಳಿಸಲಿಲ್ಲ, ಅದು ಗಟ್ಟಿಮುಟ್ಟಾಗಿದೆ. ಮೊಳೆ ಮತ್ತೆ ಬೀಳತೊಡಗಿದವು. ಈಗ ಅವರು, ಮಾತ್ರೆಗೂ ಬಗ್ಗದ ಕಾಯಿಲೆ ಅಂದಮೇಲೆ ಮುಗಿಯಿತು ಅಂತ ತೀರ್ಮಾನಿಸಿ ಮುಖ್ಯಸ್ಥರಿಗೆ ರಾಜೀನಾಮೆ ಕೊಟ್ಟು ಬಂದಿದ್ದಾರೆ. ಈಗ ಕೈಯಲ್ಲಿರುವ ಪುಸ್ತಕ ಮುಗಿಯುವವರೆಗೆ ಇರಿ ಅಂದಿದ್ದಾರಂತೆ ಅವರು. ಆಮೇಲೆ ಆ ಕುರ್ಚಿ ಹೊಸ ಹುಡುಗಿಗೆ. ಪುಸ್ತಕ ಮೇ ಕೊನೆಗೆ ಮುಗಿಯುತ್ತದೆ.

ಯಾರು ಬೇಕಾದರೂ ಬದಲಾಯಿಸಿಕೊಳ್ಳಬಹುದು ಅಂದೆಯಲ್ಲ. ಬದಲಾಯಿಸಬಹುದು ಅಂತ ಗೊತ್ತಿದ್ದವನು ಬದಲಾಯಿಸುತ್ತಾನೆ. ತಪ್ಪು ತನ್ನ ಮಾಂಸದಲ್ಲೇ ಇದೆ ಅಂದುಕೊಂಡವನು ಡಾಕ್ಟರ ಹತ್ತಿರ ಹೋಗುತ್ತಾನೆ. ಪಟ್ಟಿಗೆ ಸೇರಿಸುತ್ತೇನೆ ಅಂದೆ. ನನ್ನ ಗಂಡನಿಗೆ ಕರ್ನಲ್ಲು ಬರೆಯುವ ಭಾವಮೈದುನ ಇದ್ದಾನೆ, ಪಟ್ಟಿಗೆ ಸೇರುತ್ತಾರೆ. ತಮ್ಮ ಇಲ್ಲದವರು ಏನು ಮಾಡಬೇಕು?

ನನಗೆ ಎರಡು ಕೆಲಸ ಆಗಬೇಕು. ಬುಡದಲ್ಲಿ ಬರೆದದ್ದನ್ನು ಬುಡದಲ್ಲೇ ತಿದ್ದು. ಇನ್ನೊಂದು, ಇದನ್ನು ಮಾಡಿದ್ದು ನಾನು ಅಂತ ನಿಮ್ಮ ಭಾವನಿಗೆ ನೀನೇ ಹೇಳು. ನೋಡಿದವಳ ಮಾತನ್ನು ಅವರು ನಂಬುತ್ತಿಲ್ಲ, ಮಾಡಿದವನ ಮಾತನ್ನಾದರೂ ನಂಬಬಹುದು. ಮೇ ಕೊನೆಯ ಒಳಗೆ.

ಅಕ್ಕ


೨೦ ಏಪ್ರಿಲ್

ಅಕ್ಕಾ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ.

ನಿನ್ನ ಹಿಂದಿನ ಕಾಗದಕ್ಕೆ ನಾನು ವಕೀಲನ ಹಾಗೆ ಉತ್ತರ ಬರೆದಿದ್ದೆ. ಯಾಕೆ ಅಂತ ಹೇಳುತ್ತೇನೆ. ಈ ಬದಲಾವಣೆಯನ್ನು ನವೆಂಬರಿನಲ್ಲಿ ಪರೀಕ್ಷೆಗೆ ಬಿಟ್ಟಾಗಲೇ ಒಂದು ದೂರು ಬಂದಿತ್ತು. ಯಾವುದೋ ದೇಶದ ಒಬ್ಬ ಹೆಂಗಸು. ಆಕೆ ಬರೆದದ್ದು ಇಷ್ಟು: "ನನಗೆ ಕಣ್ಣಿಲ್ಲ, ಒಬ್ಬಳೇ ಇರುತ್ತೇನೆ. ಓದುತ್ತಾ ನಿಂತರೆ ಬೆರಳ ಕೆಳಗಿನ ಅಕ್ಷರ ಹೋಗುತ್ತದೆ. ಹಲಗೆಯ ತಪ್ಪೋ ನನ್ನ ಕೈಯ ತಪ್ಪೋ ನೋಡಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲ. ದಯವಿಟ್ಟು ತಿಳಿಸಿ."

ನನ್ನ ಮೇಜಿನ ಮೇಲೆ ಅಂಥ ಹಲಗೆ ಇರಲಿಲ್ಲ. ನನ್ನ ಉಪಕರಣಗಳೆಲ್ಲ ಚೆನ್ನಾಗಿ ಮಲಗಿ ಚೆನ್ನಾಗಿ ಏಳುತ್ತಿದ್ದವು. "ನಮ್ಮಲ್ಲಿ ಹೀಗೆ ಆಗುತ್ತಿಲ್ಲ, ತಯಾರಿಸಿದವರನ್ನು ಕೇಳಿ" ಅಂತ ಉತ್ತರಿಸಿ ದೂರನ್ನು ಮುಚ್ಚಿದೆ. ಆಕೆ ಮತ್ತೆ ಬರೆಯಲಿಲ್ಲ. ಬರೆಯಲಿಲ್ಲ ಅಂದರೆ ಸರಿಹೋಯಿತು ಅಂತ ನಮ್ಮ ಲೆಕ್ಕ.

ನಿನ್ನ ಮಾರ್ಚ್ ತಿಂಗಳ ಕಾಗದ ಓದಿದಾಗ ಮೊದಲು ನೆನಪಾದದ್ದು ಭಾವ ಅಲ್ಲ, ಆಕೆ. ಅದಕ್ಕೇ ಅಷ್ಟೊಂದು ಕಾರಣ ಕೊಟ್ಟೆ.

ಬುಡದಲ್ಲಿ ತಿದ್ದಲು ಹೊರಟಿದ್ದೇನೆ. ಮಲಗಿಸಿದರೆ ತೊಂದರೆ ಇಲ್ಲ ಅಂತ ಖಚಿತವಾಗಿ ಗೊತ್ತಿದ್ದವು ಮಾತ್ರ ಮಲಗಲಿ, ಗೊತ್ತಿಲ್ಲದ್ದೆಲ್ಲ ಎಚ್ಚರವಾಗಿರಲಿ ಅಂತ ಬರೆದು ಕಳಿಸಿದ್ದೇನೆ. ಜೊತೆಯವರು ಮೈಮೇಲೆ ಬಿದ್ದಿದ್ದಾರೆ. ಎರಡು ವರ್ಷ ನಮ್ಮ ತಲೆ ತಿಂದು ಒಪ್ಪಿಸಿದವನು ನೀನೇ, ಈಗ ಒಬ್ಬರ ಮನೆಯ ಕಥೆ ಹೇಳಿಕೊಂಡು ಬಂದಿದ್ದೀಯ ಅನ್ನುತ್ತಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ.

ಭಾವನಿಗೆ ಹೇಳುವುದು ನನ್ನಿಂದ ಆಗುವುದಿಲ್ಲ ಅಕ್ಕ. ಚಿಕ್ಕವನಿದ್ದಾಗ ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದವರು ಅವರು. ಒಂದು ಪದ ನುಂಗಿದರೂ ನಿಲ್ಲಿಸಿ, ಹಿಂದಕ್ಕೆ ಹೋಗು ಅನ್ನುತ್ತಿದ್ದರು. ಯಾವ ಬಾಯಲ್ಲಿ ಹೇಳಲಿ? ನೀನೇ ನಿಧಾನವಾಗಿ ತಿಳಿಸು.

ತಮ್ಮ


೨೫ ಏಪ್ರಿಲ್

ಬಾಯಲ್ಲಿ ಆಗದಿದ್ದರೆ ಕೈಯಲ್ಲಿ ಹೇಳು. ಅವರು ಓದುವ ಲಿಪಿಯಲ್ಲಿ, ಗಟ್ಟಿ ಕಾಗದದ ಮೇಲೆ, ನಿನ್ನ ಕೈಯಾರೆ ಚುಕ್ಕಿ ಒತ್ತಿ ಬರಿ. ಅಲ್ಲೂ ಕಣ್ಣಿಲ್ಲದವರ ಶಾಲೆ ಇದ್ದೀತು, ಹೋಗಿ ಕಲಿತುಕೋ. ನನಗೆ ಬರೆದದ್ದನ್ನೆಲ್ಲ ಬರಿ, ಆ ಹೆಂಗಸಿನ ಮಾತೂ ಸೇರಿ. ನಿಧಾನವಾಗಿ ತಿಳಿಸುವ ಹೊತ್ತು ಕಳೆದುಹೋಯಿತು. ಪುಸ್ತಕ ಕೊನೆಯ ಅಧ್ಯಾಯದಲ್ಲಿದೆ.

ನನ್ನ ಕೈಯಲ್ಲಿ ಹೇಳಿಸಬೇಡ. ನಿನ್ನ ಪರವಾಗಿ ನಾನು ಒಂದು ಅಕ್ಷರವೂ ಹೇಳುವುದಿಲ್ಲ.

ಅಕ್ಕ


೩ ಜೂನ್

ತಮ್ಮಾ,

ನಿನ್ನ ಕಟ್ಟು ಮೇ ಕೊನೆಯ ವಾರದಲ್ಲಿ ಬಂತು. ಕೈಗಿಟ್ಟು, ನಿಮ್ಮ ಹೆಸರಿಗೆ ಬಂದಿದೆ ಅಂದೆ, ಅಷ್ಟೇ. ಲಕೋಟೆ ಒಡೆದು ಮೇಲಿನ ಹಾಳೆಗೆ ಬೆರಳು ತಾಗಿದ ಕೂಡಲೆ ಕೆಂಡ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ತೆಗೆದರು. ಅವರಿಗೆ ಗೊತ್ತಿಲ್ಲದ ಪುಟ. ಬಾಯಿಪಾಠ ಇಲ್ಲದ ಪುಟ. ತೊಡೆಯ ಮೇಲಿಟ್ಟುಕೊಂಡು ಬೆರಳು ಉಜ್ಜಿಕೊಳ್ಳುತ್ತಾ ಕೂತರು. ನಾನು ಒಲೆಯ ಮುಂದೆ ನಿಂತು ದೇವರನ್ನು ಕೇಳಿದ್ದು ಒಂದೇ, ಆ ಕೈಯನ್ನು ಮತ್ತೆ ಆ ಹಾಳೆಯ ಮೇಲೆ ಇಡಿಸು ಅಂತ.

ಇಟ್ಟರು. ಮೊದಲ ಸಾಲಿಗೇ, "ಕೋಳಿ ಕೆದಕಿದ ಹಾಗಿದೆ. ಯಾರದಿದು?" ಅಂದರು. ಬೆರಳು ಮುಂದೆ ಹೋಯಿತು. ಒಂದು ಕಡೆ ನಿಂತಿತು. ನಿಂತೇ ಇತ್ತು, ಎಷ್ಟೋ ಹೊತ್ತು. ಆಮೇಲೆ ಮುಂದೆ ಹೋಯಿತು. ಇನ್ನೊಂದು ಕಡೆ ನಿಂತಿತು, ಹಿಂದಕ್ಕೆ ಬಂತು, ಮತ್ತೆ ಓದಿತು. ಎಂಟು ಹಾಳೆ ಮುಗಿಸಿದರು. ಒಮ್ಮೆಯೂ ಕೈ ಕೊಡವಲಿಲ್ಲ.

ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಕೆಂಪಗಾದರು. ಆ ಚೀಟಿಯ ಸಾಲಿನ ವಿಷಯವನ್ನೂ ನೀನು ಬರೆದಿದ್ದೆಯಂತೆ, ಮೊದಲು ನನ್ನ ಮೇಲೆ ಬಂತು. ಆ ವಾರ ಚೆನ್ನಾಗಿದ್ದದ್ದು ಮಾತ್ರೆಯಿಂದ ಅಲ್ಲ ಅಂತ ಗೊತ್ತಿದ್ದೂ ಹೂಂ ಅಂದೆಯಲ್ಲ ಅಂದರು. ಹೌದು ಅಂದೆ. ಆಮೇಲೆ ನಿನ್ನ ಮೇಲೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ನಾನು ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂತವಳು. "ಐದು ತಿಂಗಳು ನನ್ನ ಕೈಗೆ ನಾನೇ ಬೈದೆ. ನಾಯಿಗೆ ಬೈದ ಹಾಗೆ ಬೈದೆ" ಅಂತ ಮೇಜು ಗುದ್ದಿದರು. ಅಷ್ಟು ಜೋರಾಗಿ ಅವರು ಕೂಗಿದ್ದನ್ನು ನಾನು ಕೇಳಿರಲಿಲ್ಲ. ಕೂಗಲಿ ಅಂತ ಬಿಟ್ಟೆ. ಅವರ ಸಿಟ್ಟು ಅಷ್ಟು ದಿನವೂ ಒಳಕ್ಕೇ ಹೋಗುತ್ತಿತ್ತು, ಅವತ್ತು ಹೊರಗೆ ಬಂತು.

ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಮುದ್ರಣಾಲಯಕ್ಕೆ ಹೋದರು. ಮುಖ್ಯಸ್ಥರ ಹತ್ತಿರ ಹೋಗುತ್ತಾರೆ ಅಂದುಕೊಂಡರೆ ನೆಟ್ಟಗೆ ಆ ಹೊಸ ಹುಡುಗಿಯ ಮೇಜಿಗೆ ಹೋದರು. ಇಪ್ಪತ್ತು ಇಪ್ಪತ್ತೆರಡರ ಹುಡುಗಿ, ಅವಳಿಗೂ ಕಣ್ಣಿಲ್ಲ.

"ಓದುತ್ತಾ ನಿಂತರೆ ನಿನಗೆ ಚುಕ್ಕಿ ಹೋಗುತ್ತಾ?" ಅಂದರು.

ಅವಳು ಇಲ್ಲ ಸಾರ್ ಅಂದಳು. ಬಹಳ ಬೇಗ ಅಂದಳು.

"ನನಗೆ ಹೋಗ್ತಿತ್ತು. ಅದಕ್ಕೇ ಕೆಲಸ ಬಿಟ್ಟೆ. ಕೈಯದಲ್ಲಮ್ಮ, ಯಂತ್ರದ್ದು. ಈಗ ಹೇಳು."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗೂ ಬಂದ ದಿನದಿಂದ ಹೋಗುತ್ತಿತ್ತಂತೆ. ಬೆರಳು ಸರಿಯಿಲ್ಲ ಅಂತ ತಿಳಿದರೆ ಸೇರಿದ ತಿಂಗಳೇ ಕಳಿಸಿಬಿಡುತ್ತಾರೆ ಅಂತ, ಎಲ್ಲೂ ನಿಲ್ಲದೆ ಓಡಿಸಿ ಓಡಿಸಿ ಓದುತ್ತಿದ್ದಳಂತೆ. ಸಂಶಯ ಬಂದರೂ ನಿಲ್ಲುತ್ತಿರಲಿಲ್ಲವಂತೆ. ಅದನ್ನೇ ಎಲ್ಲರೂ ಚುರುಕು ಅಂತ ಹೊಗಳುತ್ತಿದ್ದರು.

ಇವರು ಅವಳನ್ನು ಬೈಯಲಿಲ್ಲ. ಅವಳು ಓದಿ ಮುಗಿಸಿದ ಪುಸ್ತಕಗಳನ್ನೆಲ್ಲ ಕೊಡು, ಇಬ್ಬರೂ ಕೂತು ಮತ್ತೆ ನೋಡೋಣ ಅಂದರು. ಆಮೇಲೆ ಮುಖ್ಯಸ್ಥರ ಕೋಣೆಗೆ ಹೋಗಿ ರಾಜೀನಾಮೆ ವಾಪಸ್ ಕೇಳಿದರು. ಅವರು, ಕುರ್ಚಿ ಈಗಾಗಲೇ ಕೊಟ್ಟಾಯಿತಲ್ಲ ಅಂತ ರಾಗ ಎಳೆದರು. "ಕುರ್ಚಿ ಅವಳಿಗೇ ಇರಲಿ. ನನಗೊಂದು ಸ್ಟೂಲು ಹಾಕಿಸಿ. ಕಾಗದದ ಕರಡು ಕೊಡಿ. ಆ ಯಂತ್ರ ಸರಿಯಾಗುವವರೆಗೆ ನಾನು ಓದದೆ ಒಂದು ಪುಸ್ತಕವೂ ಇಲ್ಲಿಂದ ಹೊರಗೆ ಹೋಗಲ್ಲ" ಅಂದರು. ಕೇಳಿದ್ದಲ್ಲ ಅದು, ಹೇಳಿದ್ದು. ಮುಖ್ಯಸ್ಥರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ನಿನ್ನೆಯಿಂದ ಸ್ಟೂಲಿನ ಮೇಲೆ ಕೂತು ಓದುತ್ತಿದ್ದಾರೆ.

ನಿನ್ನ ತಿದ್ದುಪಡಿಯನ್ನು ಒಪ್ಪಿದರೋ ಇಲ್ಲವೋ ನೀನು ಬರೆದಿಲ್ಲವಂತೆ. ಒಪ್ಪದಿದ್ದರೆ ಮತ್ತೆ ಕಳಿಸು. ಮಲಗಿಸಲು ಎರಡು ವರ್ಷ ತಲೆ ತಿಂದವನು ಎಬ್ಬಿಸಲು ನಾಲ್ಕು ವರ್ಷ ತಿನ್ನು.

ನೀನು ಕ್ಷಮೆ ಕೇಳಿದ್ದೀಯಂತೆ ಕೊನೆಯ ಹಾಳೆಯಲ್ಲಿ. ಏನಂತ ಬರೆಯಲಿ ಅಂತ ನಿನ್ನೆ ಸಂಜೆ ಕೇಳಿದೆ. ಇನ್ನೂ ಸಿಟ್ಟು ಇಳಿದಿರಲಿಲ್ಲ. ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ನನ್ನ ವಿಷಯ ಆಮೇಲೆ. ನನಗೆ ಬಟಾಣಿ ಸುಲಿಯೋ ಹೆಂಡತಿ ಇದ್ದಳು, ಹೇಳಿದಳು. ಆ ಹೆಂಗಸು ಒಬ್ಬಳೇ ಇದ್ದಾಳೆ. ಕೈಯ ತಪ್ಪೋ ಯಂತ್ರದ ತಪ್ಪೋ ಅಂತ ಇವನನ್ನ ಕೇಳಿದಳು, ಇವನು ಬಾಗಿಲು ಹಾಕ್ಕೊಂಡ. ಮೊದಲು ಅವಳಿಗೆ ಬರೆದು ತಿಳಿಸಲಿ. ಅವಳ ಉತ್ತರ ಬಂದ ಮೇಲೆ ನನ್ನ ಹತ್ತಿರ ಮಾತಾಡಲಿ."

ನವೆಂಬರಿನಿಂದ ಕಾದಿದ್ದಾಳೆ. ಇದನ್ನು ಮಡಿಸಿ ಇಡುವ ಮೊದಲು ಅವಳಿಗೆ ಬರಿ.

ಅಕ್ಕ